ನೀಲಿ ಚುಕ್ಕೆಯ ಇಳಿಜಾರು

ಬಗ್ಗಿದ ಬೆನ್ನು ಕಂಡ ಕೂಡಲೇ ಕಾವಲುಗಾರನ ನೆತ್ತರು ತಲೆಗೇರಿತು. ಇಳಿಜಾರಿನ ನಟ್ಟನಡುವೆ, ಬಿಳಿ ಬೆಣಚುಕಲ್ಲುಗಳ ಮೇಲೆ ಒಬ್ಬ ಮಂಡಿಯೂರಿ ಕೂತಿದ್ದ. ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಮೊಟ್ಟೆ ಇಡುವ ಟ್ರೇ, ಟ್ರೇಯ ಕುಳಿಗಳಲ್ಲಿ ತೆಳು ಕಾಗದ ಸುತ್ತಿದ ಪುಟ್ಟ ಪುಟ್ಟ ಉಂಡೆಗಳು. ಈ ಗುಡ್ಡದಲ್ಲಿ ಹದಿನೆಂಟು ವರ್ಷ ಚಪ್ಪಲಿ ಸವೆಸಿದವನಿಗೆ ಕಳ್ಳನನ್ನು ಗುರುತಿಸಲು ಇಷ್ಟು ಸಾಲದೇ?

ಆ ಉಂಡೆಗಳೊಳಗೆ ಇದ್ದದ್ದು ಕಲ್ಲುಮೊಗ್ಗು. ನೋಡದವರಿಗೆ ಹೇಳಬೇಕೆಂದರೆ, ಅದು ಹೆಬ್ಬೆರಳ ಉಗುರಿನಷ್ಟು ದೊಡ್ಡ ಗಿಡ. ದೊಡ್ಡದು ಅಂದದ್ದು ತಮಾಷೆಗೆ. ಎಲೆ ಅಂತ ಇರುವುದು ಎರಡೇ. ಅವೂ ಒಂದಕ್ಕೊಂದು ಅಂಟಿಕೊಂಡು, ಒಳಗೆ ನೀರು ತುಂಬಿಕೊಂಡು ಗೋಲಿಯ ಹಾಗೆ ಉಬ್ಬಿರುತ್ತವೆ. ವರ್ಷದಲ್ಲಿ ಎಂಟು ತಿಂಗಳು ಒಣ ಸಿಪ್ಪೆ ಹೊದ್ದು, ಪಕ್ಕದ ಕಲ್ಲಿಗೂ ತನಗೂ ವ್ಯತ್ಯಾಸವೇ ಇಲ್ಲವೆಂಬಂತೆ ಬಿದ್ದಿರುತ್ತದೆ. ಚಳಿ ಶುರುವಾಗಿ ಬೆಳಗಿನ ಮಂಜು ನೆಲಕ್ಕೆ ತಾಗಿತೋ, ಸಿಪ್ಪೆ ಹರಿಯುತ್ತದೆ, ನಡುವಿನ ಸೀಳಿನಿಂದ ಒಂದೇ ಒಂದು ನೇರಳೆ ಹೂ ಹೊರಗೆ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ಬಾಯಿ ಬಿಟ್ಟರೆ ಸೂರ್ಯ ಇಳಿಯುವಾಗ ಮುಚ್ಚಿತು. ಆ ಮೂರು ವಾರ ಕುರುಡರಿಗೂ ಗಿಡ ಕಾಣುತ್ತದೆ, ಅದಕ್ಕೇ ಕೀಳುವವರು ಬರುವುದೂ ಆವಾಗಲೇ. ಎಲ್ಲೋ ದೂರದ ಊರಿನ ಹಣವಂತರು ಅದನ್ನು ಕಿಟಕಿಯಲ್ಲಿಟ್ಟು, ಪ್ರೀತಿಯಿಂದ ದಿನಾ ನೀರು ಹಾಕಿ, ತಿಂಗಳೊಳಗೆ ಕೊಳೆಸಿ ಬಿಸಾಡುತ್ತಾರೆ. ಆಮೇಲೆ ಇನ್ನೊಂದು ತರಿಸಿಕೊಳ್ಳುತ್ತಾರೆ.

ಇಂಥ ಗಿಡಕ್ಕಾಗಿ ಹೋದ ವರ್ಷ ಒಂದು ಜೀವ ಹೋಗಿತ್ತು. ಕಾವಲುಗಾರನ ಜೊತೆಗಾರನೊಬ್ಬನಿದ್ದ, ಸದಾ ಶಿಳ್ಳೆ ಹಾಕುತ್ತಿದ್ದನೆಂದು ಎಲ್ಲರೂ ಅವನನ್ನು ಶಿಳ್ಳೆ ಅಂತಲೇ ಕರೆಯುತ್ತಿದ್ದರು. ಶಿಳ್ಳೆ ಸಭ್ಯಸ್ಥ. ಮೂವರು ಕೀಳುವವರನ್ನು ಕಂಡು, 'ಯಾರಪ್ಪಾ ನೀವು, ಎಲ್ಲಿಂದ ಬಂದಿರಿ?' ಎಂದು ವಿಚಾರಿಸಿದ್ದ. ಅವರು ಉತ್ತರ ಕೊಟ್ಟದ್ದು ಕಲ್ಲಿನಲ್ಲಿ. ತಲೆಬುರುಡೆ ಒಡೆದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ನರಳಿ ಸತ್ತ. ಅವನ ಜಾಗಕ್ಕೆ ಬಂದವನು ನಲವತ್ತೈದು ದಾಟಿದ ಡೊಳ್ಳು ಹೊಟ್ಟೆಯ ಮನುಷ್ಯ, ಹಿಂದೆ ಲಾರಿ ಓಡಿಸುತ್ತಿದ್ದವನು. ಈ ಹೊಸಬನಿಗೆ ಮೊದಲ ದಿನವೇ ಕಾವಲುಗಾರ ಕಲಿಸಿದ ಪಾಠ ಒಂದೇ: "ಮೊದಲು ಹೊಡಿ. ಹೆಸರು ಆಮೇಲೆ ಕೇಳು."

ಈಗಲೂ ಅವನು ಹಾಗೆಯೇ ಮಾಡಿದ. ಕೈಯಲ್ಲಿದ್ದದ್ದು ಗುದ್ದಲಿಯ ಕಾವು, ಗಟ್ಟಿ ಮರದ್ದು. ಬೂಟಿನ ಸದ್ದಾಗದಂತೆ ಮೇಲಿನಿಂದ ಇಳಿದು ಬಂದು, ಎರಡೂ ಕೈಯಲ್ಲಿ ಎತ್ತಿ ಭುಜಕ್ಕೂ ಕತ್ತಿಗೂ ನಡುವೆ ಬೀಸಿದ. ಮಂಡಿಯೂರಿದ್ದವನು ಮುಖ ಅಡಿಯಾಗಿ ಬಿದ್ದ. ಬಿದ್ದವನು ಹೊರಳಿ ಕೈ ಅಡ್ಡ ಹಿಡಿಯುವಷ್ಟರಲ್ಲಿ ಎರಡನೇ ಏಟು ದವಡೆಗೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು ಬಂತು. ಮುಖಕ್ಕೆ ಸುತ್ತಿದ್ದ ಬಟ್ಟೆ ಸಡಿಲಾಗಿ ಕತ್ತಿಗೆ ಜಾರಿತು.

ತಮ್ಮ.

ಒಡಹುಟ್ಟಿದ ತಮ್ಮ. ಮೂರು ವರ್ಷದಿಂದ ಮುಖ ನೋಡಿರಲಿಲ್ಲ. ಬಾಯಿಯಿಂದ ರಕ್ತ ಸುರಿಯುತ್ತಿತ್ತು, ಕೆಳದವಡೆ ತನ್ನ ಜಾಗ ಬಿಟ್ಟು ಒಂದು ಕಡೆಗೆ ವಾಲಿತ್ತು, ಆದರೆ ಕಣ್ಣು ಮಾತ್ರ ಅವೇ, ಅಮ್ಮನ ಕಣ್ಣು.

ಕಾವಲುಗಾರ ಇಲ್ಲಿಗೆ ಕೈ ತಡೆದಿದ್ದರೆ ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಏಟು ತಪ್ಪಿ ಬಿತ್ತು, ಪಾಪ, ಎಂದು ಊರೇ ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಅವನು ತಡೆಯಲಿಲ್ಲ. ಕಳ್ಳನೆಂದು ಹೊಡೆದದ್ದು ಎರಡೇ ಏಟು. ತಮ್ಮನೆಂದು ಗೊತ್ತಾದ ಮೇಲೆ ಹೊಡೆದದ್ದಕ್ಕೆ ಲೆಕ್ಕವಿಲ್ಲ.

"ನೀನಾ? ಮತ್ತೆ ನೀನೇನಾ?" ಎಂದು ಪಕ್ಕೆಗೆ ಬೂಟಿನಿಂದ ಒದ್ದ. "ಅಪ್ಪ ತೋರಿಸಿಕೊಟ್ಟ ಜಾಗ ಕಣೋ ಇದು! ಒಂದು ಸಲ ಅಪ್ಪನ ಹೆಸರಿಗೆ ಮಸಿ ಬಳಿದದ್ದು ಸಾಕಾಗಲಿಲ್ವಾ?"

ಅವರಪ್ಪನೂ ಇದೇ ಗುಡ್ಡದ ಕಾವಲುಗಾರ. ಇಬ್ಬರೂ ಮಕ್ಕಳನ್ನು ಕೈ ಹಿಡಿದು ಈ ಇಳಿಜಾರಿಗೆ ಕರೆತರುತ್ತಿದ್ದ. ಅಂಚಿನಲ್ಲಿ ಚಪ್ಪಲಿ ಬಿಡಿಸುತ್ತಿದ್ದ. 'ಬರಿಗಾಲಿಗೆ ಗಿಡ ಗೊತ್ತಾಗುತ್ತೆ, ಚಪ್ಪಲಿಗೆ ಗೊತ್ತಾಗಲ್ಲ' ಎನ್ನುತ್ತಿದ್ದ. ಹಿರಿಯವನು ಅಪ್ಪನ ಕೆಲಸ ಹಿಡಿದ. ಕಿರಿಯವನು ಮೂರು ವರ್ಷದ ಹಿಂದೆ ಅಪ್ಪ ತೋರಿಸಿಕೊಟ್ಟ ಇದೇ ಜಾಗಕ್ಕೆ ಕೀಳುವವರನ್ನು ಕರೆತಂದು, ತಾನೂ ಕೂತು ನಾನೂರಕ್ಕೂ ಹೆಚ್ಚು ಗಿಡ ಕಿತ್ತ. ಹಿಡಿದುಕೊಟ್ಟವನು ಅಣ್ಣನೇ. ಕೋರ್ಟಿನಲ್ಲಿ ಕಟಕಟೆ ಹತ್ತಿ, 'ಹೌದು, ಇವನೇ' ಎಂದು ಬೆರಳು ತೋರಿಸಿದವನೂ ಅವನೇ. ತಮ್ಮನಿಗೆ ಎರಡು ವರ್ಷ ಜೈಲಾಯಿತು. ಅಮ್ಮ ಅಂದಿನಿಂದ ಹಿರಿಮಗನ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿದ್ದುಕೊಂಡು, ತಟ್ಟೆ ಮುಂದಿಟ್ಟು, ಗೋಡೆ ನೋಡುತ್ತಿದ್ದಳು.

ಆ ಮೂರು ವರ್ಷದ ಗೋಡೆಯೆಲ್ಲ ಈಗ ಕಾವಿಗೆ ಇಳಿಯಿತು. ಬೆನ್ನಿಗೆ ಹೊಡೆದ, ತೊಡೆಗೆ ಹೊಡೆದ. ತಮ್ಮ ಬಲಗೈ ಮೇಲೆತ್ತಿ ಏನನ್ನೋ ತೋರಿಸಲು ನೋಡಿದಾಗ ಆ ಕೈಯನ್ನು ಬೂಟಿನಿಂದ ಬಂಡೆಗೆ ಅದುಮಿ ಹಿಡಿದ.

"ಈ ಕೈಯಲ್ಲೇ ತಾನೆ ಕೀಳೋದು? ಇನ್ನು ಕೀಳು ನೋಡೋಣ!"

ಹಿಮ್ಮಡಿ ತಿರುಚಿದ. ಬೆರಳುಗಳು ಕಲ್ಲಿಗೂ ಬೂಟಿಗೂ ನಡುವೆ ನುರಿದವು. ತಮ್ಮನ ಗಂಟಲಿಂದ ಬಂದದ್ದು ಕೂಗಲ್ಲ, ಗೊರಗೊರ ಸದ್ದು. ಮುರಿದ ದವಡೆಗೆ ಕೂಗಲೂ ಆಗಲಿಲ್ಲ. ಅವನ ಮೈ ಒಂದು ಸಲ ಬಿಗಿದು ಸಡಿಲಾಯಿತು.

ಕಾವಲುಗಾರನಿಗೆ ಏದುಸಿರು ಹತ್ತಿತ್ತು. ಕಾವಿಗೆ ಊರಿಕೊಂಡು ನಿಂತ. ಸುತ್ತಲೂ ನೇರಳೆ ಹೂಗಳು ಬಾಯಿ ಬಿಟ್ಟಿದ್ದವು, ಕೆಲವುಗಳ ಮೇಲೆ ಕೆಂಪು ಹನಿ ಬಿದ್ದಿತ್ತು. ತಮ್ಮ ಇನ್ನೂ ಎಡಗೈಯಿಂದ ಏನನ್ನೋ ತೋರಿಸುತ್ತಿದ್ದ. ತೋರುಬೆರಳು ನೆಲದ ಕಡೆಗೆ ಬಾಗಿತ್ತು.

"ಏನು? ಜೊತೆಗೆ ಬಂದೋರು ಅಲ್ಲಿದ್ದಾರಾ?" ಎಂದು ಅತ್ತ ತಿರುಗಿದ.

ಅಲ್ಲಿ ಯಾರೂ ಇರಲಿಲ್ಲ. ಕಲ್ಲಿನ ಸಂದು, ಸಂದಿನ ಪಕ್ಕದಲ್ಲಿ ನೀಲಿ ಬಣ್ಣದ ಚುಕ್ಕೆ. ಅದು ಅವನದೇ ಚುಕ್ಕೆ. ಕಳ್ಳತನವಾದ ಪ್ರತಿ ಕುಳಿಯ ಪಕ್ಕದ ಕಲ್ಲಿಗೂ ಅವನು ನೀಲಿ ಬಣ್ಣ ಹಚ್ಚಿಡುತ್ತಿದ್ದ, ಹಳೆ ಕಳ್ಳತನ ಯಾವುದು, ಹೊಸದು ಯಾವುದು ಎಂದು ತಿಳಿಯಲಿ ಅಂತ. ಚುಕ್ಕೆ ಇದ್ದಲ್ಲಿ ಕುಳಿ ಖಾಲಿ ಇರಬೇಕು. ಮೂರು ವರ್ಷದಿಂದ ಖಾಲಿಯೇ ಇತ್ತು.

ಈ ಕುಳಿಯಲ್ಲಿ ಗಿಡವಿತ್ತು.

ಕಾವಲುಗಾರ ಕೂತು ನೋಡಿದ. ಬುಡದ ಸುತ್ತ ಸಣ್ಣ ಹರಳು ಒತ್ತಿತ್ತು, ಮಣ್ಣು ಇನ್ನೂ ಹಸಿ. ಮುಂದಿನ ನೀಲಿ ಚುಕ್ಕೆ ನೋಡಿದ, ಅಲ್ಲೂ ಗಿಡ. ಅದರಾಚೆಯದರಲ್ಲೂ ಗಿಡ. ಅಂಬೆಗಾಲಲ್ಲಿ ಪೆಟ್ಟಿಗೆಯ ಹತ್ತಿರ ಹೋಗಿ ಒಂದು ಉಂಡೆಯ ಕಾಗದ ಬಿಚ್ಚಿದ. ಗಿಡದ ಬುಡಕ್ಕೆ ದಾರ, ದಾರಕ್ಕೆ ತಗಡಿನ ಚೀಟಿ. ಚೀಟಿಯ ಮೇಲೆ ಕೇಸಿನ ನಂಬರು, ಗಿಡದ ನಂಬರು. ಅಕ್ಷರ ಅವನದೇ. ತಮ್ಮನನ್ನು ಹಿಡಿದುಕೊಟ್ಟ ದಿನ ಜಪ್ತಿಯಾದ ಗಿಡಗಳಿಗೆ ಒಂದೊಂದಾಗಿ ತಾನೇ ಕಟ್ಟಿದ ಚೀಟಿ.

ಕೀಳುವವನೂ ಮಂಡಿಯೂರುತ್ತಾನೆ, ನೆಡುವವನೂ ಮಂಡಿಯೂರುತ್ತಾನೆ. ಇಬ್ಬರ ಕೈಯಲ್ಲೂ ಅದೇ ಸ್ಕ್ರೂಡ್ರೈವರ್, ಪಕ್ಕದಲ್ಲಿ ಅದೇ ಟ್ರೇ. ಹಿಂದಿನಿಂದ ನೋಡಿದರೆ ದೇವರಾಣೆ ಗೊತ್ತಾಗುವುದಿಲ್ಲ. ಆದರೆ ಮೇಲಿನ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ ಇತ್ತು, ಜೋಡಿಸಿ ಇಟ್ಟದ್ದು. ಕೀಳುವವರು ಯಾರೂ ಚಪ್ಪಲಿ ಬಿಡುವುದಿಲ್ಲ. ಇಳಿಯುವಾಗ ಕಾವಲುಗಾರ ಅದನ್ನು ದಾಟಿಕೊಂಡೇ ಬಂದಿದ್ದ. ಕಂಡಿತ್ತು, ಕಾಣಲಿಲ್ಲ. ಈಗ ತನ್ನ ಕಾಲು ನೋಡಿಕೊಂಡ. ಬೂಟು. ಬೂಟಿನಡಿಯಲ್ಲಿ ಏಳೆಂಟು ಕಲ್ಲುಮೊಗ್ಗು ಒಡೆದು ನೀರಾಗಿದ್ದವು.

"ಏ… ಏಯ್," ಎಂದ. ಸಣ್ಣವರಿದ್ದಾಗ ಕರೆಯುತ್ತಿದ್ದ ಹೆಸರು ಬಾಯಿಗೆ ಬಂತು, ಹೊರಗೆ ಬರಲಿಲ್ಲ. ತಮ್ಮ ಕಣ್ಣು ಮುಚ್ಚಿದ್ದ.

ಪೆಟ್ಟಿಗೆಯನ್ನು ಬಂಡೆಯ ನೆರಳಿಗೆ ತಳ್ಳಿ, ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ರಸ್ತೆಗೆ ಎರಡು ಗಂಟೆಯ ದಾರಿ. ತಮ್ಮನ ಬಾಯಿಯ ರಕ್ತ ಅಂಗಿಯೊಳಗೆ ಇಳಿದು ಸೊಂಟದವರೆಗೂ ಬೆಚ್ಚಗೆ ಹರಿಯಿತು. ದಾರಿಯುದ್ದಕ್ಕೂ ಅವನು ಬಯ್ಯುತ್ತಲೇ ಇದ್ದ. ಮೊದಲು ತಮ್ಮನನ್ನು ಬಯ್ದ, ಒಂದು ಮಾತು ಹೇಳಬಾರದಿತ್ತೇನೋ ಅಂತ. ಆಮೇಲೆ ತನ್ನನ್ನು. ಆಮೇಲೆ ಸುಮ್ಮನೆ ಅತ್ತ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದೊಂದಾಗಿ ಹೇಳಿದರು. ದವಡೆ ಎರಡು ಕಡೆ ಮುರಿದಿದೆ, ತಂತಿ ಹಾಕಿ ಕಟ್ಟಿದ್ದೇವೆ. ಪಕ್ಕೆಲುಬು ಎರಡು ಹೋಗಿವೆ. ಜೀವಕ್ಕೆ ಅಪಾಯವಿಲ್ಲ. ಬಲಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅರಣ್ಯ ಇಲಾಖೆಯ ಸಾಹೇಬರು ಬಂದರು. ಖುಷಿಯಲ್ಲಿದ್ದರು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಟೈಪು ಮಾಡಿದ ಹಾಳೆಯೊಂದನ್ನು ಮುಂದೆ ಹಿಡಿದರು.

"ಒಂದು ಸಹಿ ಹಾಕಿಬಿಡು. ಆರೋಪಿ ಓಡೋವಾಗ ಬಂಡೆಯಿಂದ ಜಾರಿ ಬಿದ್ದ ಅಂತ ಬರೆದಿದ್ದೀನಿ."

"ಜಾರಿ ಬೀಳಲಿಲ್ಲ ಸಾರ್. ನಾನು ಹೊಡೆದೆ. ಅವನು ನೆಡ್ತಾ ಇದ್ದ."

"ನೆಡೋಕೆ ಎಲ್ಲಿಂದ ತಂದ? ಜಪ್ತಿ ಗಿಡ ಇಟ್ಟಿರೋ ನಮ್ಮ ಗಾಜಿನ ಮನೆಯಿಂದ. ಅದು ಸಾಕ್ಷ್ಯ ಕಣಯ್ಯಾ. ಮೇಲಿನ ಕೋರ್ಟಲ್ಲಿ ಕೇಸು ಇನ್ನೂ ನಡೀತಿದೆ, ಒಂದೆಲೆ ಅಲುಗಿಸೋ ಹಾಗಿಲ್ಲ. ಜೈಲಿಂದ ಬಂದೋನು ಅಂತ ಕನಿಕರಪಟ್ಟು ಅಲ್ಲಿ ಕಸ ಗುಡಿಸೋ ಕೆಲಸ ಕೊಟ್ಟರೆ, ಹೀಗಾ ಮಾಡೋದು? ಎರಡನೇ ಸಲ. ಐದು ವರ್ಷಕ್ಕೆ ಕಡಿಮೆ ಇಲ್ಲ."

"ಸಾರ್, ಅವನ ಬೆರಳು…"

"ನೋಡು," ಸಾಹೇಬರ ದನಿ ಮೆತ್ತಗಾಯಿತು. "ಅವನು ಬೀಳಲಿಲ್ಲ, ನಾನೇ ಹೊಡೆದೆ ಅಂತ ನೀನು ಬರೆದುಕೊಟ್ಟರೆ ಒಳಗೆ ಹೋಗೋನು ನೀನು. ಆಮೇಲೆ ಗುಡ್ಡಕ್ಕೆ ಯಾರು? ಆ ಡೊಳ್ಳು ಹೊಟ್ಟೆಯವನಾ? ಒಂದೇ ವಾರದಲ್ಲಿ ಗುಡ್ಡ ಬೋಳಾಗುತ್ತೆ. ಇವತ್ತು ರಜಾ ತಗೋ. ಸಂಜೆ ಆ ಪೆಟ್ಟಿಗೆ ತಂದುಕೊಡು, ಸಹಿ ಹಾಕು."

ಹಾಳೆಯನ್ನು ಅವನ ಜೇಬಿಗೆ ತುರುಕಿ ಹೋದರು. ಹಾಳೆಯಲ್ಲಿದ್ದದ್ದು ಸುಳ್ಳಾದರೂ, ಗುಡ್ಡದ ಬಗ್ಗೆ ಸಾಹೇಬರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎನ್ನುವುದು ಕಾವಲುಗಾರನ ಸಂಕಟ. ಸಹಿ ಹಾಕಿದರೆ ತಮ್ಮ ಹೋದ, ಹಾಕದಿದ್ದರೆ ಗುಡ್ಡ ಹೋಯಿತು. ಗುಡ್ಡಕ್ಕಾಗಿ ಅವನು ಮದುವೆಯನ್ನೂ ಮಾಡಿಕೊಂಡಿರಲಿಲ್ಲ.

ವಾರ್ಡಿನೊಳಗೆ ಅಮ್ಮ ಕಿರಿಮಗನ ಹಾಸಿಗೆಯ ಪಕ್ಕ ಕೂತಿದ್ದಳು. ತಂತಿ ಕಟ್ಟಿದ ಹಲ್ಲಿನ ಸಂದಿಯಲ್ಲಿ ಚಮಚದಿಂದ ಹಾಲು ಬಿಡುತ್ತಿದ್ದಳು. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಕತ್ತಿಗೆ ಇಳಿಯುತ್ತಿತ್ತು. ಹಿರಿಮಗ ಬಾಗಿಲಲ್ಲಿ ನಿಂತ. ಅವಳು ಗೋಡೆ ನೋಡಬಹುದೆಂದುಕೊಂಡಿದ್ದ. ಅವಳು ಅವನನ್ನೇ ನೋಡಿದಳು.

"ಯಾವ ಕೈ?" ಎಂದಳು.

ಮೂರು ವರ್ಷದ ಮೇಲೆ ಅಮ್ಮ ಆಡಿದ ಮೊದಲ ಮಾತು ಅದು.

"ಎರಡೂ," ಎಂದ ಅವನು. "ಕಾಲೂ."

ಅವಳು ಎದ್ದು ಬಂದು ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆದಳು. ಮುದುಕಿಯ ಕೈಯಲ್ಲಿ ಕಸುವಿರಲಿಲ್ಲ, ಸದ್ದಷ್ಟೇ ಬಂತು. ಪಕ್ಕದ ಹಾಸಿಗೆಯವರು ತಲೆಯೆತ್ತಿ ನೋಡಿದರು. ಮೂರನೆಯದಕ್ಕೆ ಎತ್ತಿದ ಕೈಯನ್ನು ಅವಳು ತನ್ನ ಕೆನ್ನೆಗೇ ಹೊಡೆದುಕೊಂಡಳು.

"ಅಮ್ಮಾ!"

"ಇದು ನನಗೆ ಬರಬೇಕಾದ್ದು. ಹೋದ ವಾರ ಬಂದಿದ್ದ ಕಣೋ ಇವನು, ನೀನಿಲ್ಲದಾಗ. ಗಾಜಿನ ಮನೇಲಿ ದಿನಾ ಪೈಪಲ್ಲಿ ನೀರು ಹೊಡೆದು ಹೊಡೆದು ಗಿಡ ಎಲ್ಲಾ ಕೊಳೆಸಿಬಿಟ್ಟರಂತೆ. ನಾನೂರರಲ್ಲಿ ತೊಂಬತ್ತೋ ಏನೋ ಉಳಿದಿದ್ವಂತೆ. 'ಕಿತ್ತೋನು ನಾನು, ನಾನೇ ವಾಪಸ್ ಇಟ್ಟುಬರ್ತೀನಿ. ಗುರುವಾರ ಇಳಿಜಾರಲ್ಲಿ ಇರ್ತೀನಿ, ಅಣ್ಣಂಗೆ ಒಂದು ಮಾತು ಹೇಳಮ್ಮಾ. ಬೇಕಾದ್ರೆ ಅವನೇ ಬಂದು ನಿಂತು ನೋಡಲಿ' ಅಂದ. ನಾನು ಹೂಂ ಅಂದೆ. ದಿನಾ ನಿನ್ನ ಮುಂದೆ ತಟ್ಟೆ ಇಟ್ಟೆ. ಬಾಯಿ ತನಕ ಬಂತು. ಮಾತು ಬಿಟ್ಟೋಳು ನಾನು, ನಾನೇ ಮೊದಲು ಆಡಬೇಕಾ ಅಂತ ನುಂಗಿಕೊಂಡೆ. ಬುಧವಾರ ರಾತ್ರೀನೂ ನುಂಗಿಕೊಂಡೆ."

ಅವಳು ನೆಲಕ್ಕೆ ಕುಸಿದು ಕೂತಳು. ಹಿರಿಮಗನೂ ಕೂತ. ಹಾಸಿಗೆಯ ಮೇಲಿಂದ ತಮ್ಮನ ಎಡಗೈ ಕೆಳಗಿಳಿದು ಗಾಳಿಯಲ್ಲಿ ಏನೋ ತಡಕಿತು. ಅಣ್ಣ ಹಿಡಿದುಕೊಂಡ. ತಮ್ಮ ಕೈ ಬಿಡಿಸಿಕೊಂಡು, ಚೌಕಾಕಾರದ ಪೆಟ್ಟಿಗೆಯ ಗೆರೆ ಎಳೆದ. ಆಮೇಲೆ ಐದು ಬೆರಳು ತೋರಿಸಿ ಮಡಚಿದ, ಮತ್ತೆ ಐದು, ಮತ್ತೆ ಐದು. ಮೂರು ಸಲ. ಹದಿನೈದು ಗಿಡ ಇನ್ನೂ ಪೆಟ್ಟಿಗೆಯಲ್ಲೇ ಉಳಿದಿವೆ, ಬಿಸಿಲಿಗೆ ಬೇಯುತ್ತಿವೆ ಅಂತ. ಮುಖ ಕುಂಬಳಕಾಯಿಯಾಗಿ ಊದಿಕೊಂಡಿದ್ದರೂ ಇವನಿಗೆ ಗಿಡದ ಚಿಂತೆ. ಅಪ್ಪನ ಮಗ, ಎಂದುಕೊಂಡ ಅಣ್ಣ. ಆ ಮಾತು ಅವನನ್ನು ಒಳಗಿಂದ ಕತ್ತರಿಸಿತು.

"ಹೋಗು," ಎಂದಳು ಅಮ್ಮ, ಮೂಗು ಒರೆಸಿಕೊಂಡು. "ಮೊದಲು ಅವನ್ನ ನೆಟ್ಟು ಬಾ. ಆಮೇಲೆ ಏನು ಬರೀಬೇಕೋ ಬರಿ."

ಸಮವಸ್ತ್ರ ರಕ್ತವಾಗಿ ಮನೆಯಲ್ಲಿ ನೆನೆದಿತ್ತು. ಹಳೆ ಅಂಗಿ ತೊಟ್ಟು ಹೋದ. ಗುಡ್ಡದ ಮೇಲೆ ದೂಳುಗಾಳಿ ಎದ್ದಿತ್ತು, ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡ. ಅಂಚಿನಲ್ಲಿ ತಮ್ಮನ ಚಪ್ಪಲಿ ಹಾಗೇ ಇತ್ತು. ಅದರ ಪಕ್ಕದಲ್ಲಿ ತನ್ನದನ್ನೂ ಬಿಟ್ಟು ಬರಿಗಾಲಲ್ಲಿ ಇಳಿದ. ಸ್ಕ್ರೂಡ್ರೈವರ್ ಬಿದ್ದಲ್ಲೇ ಬಿದ್ದಿತ್ತು. ಖಾಲಿ ಚುಕ್ಕೆ ಹುಡುಕಿ ಮಂಡಿಯೂರಿ ಕೂತ.

ಅಪ್ಪನಿಂದ ಕಲಿತ ಕೈ ಮರೆತಿರಲಿಲ್ಲ. ಸಂದಿನ ಮಣ್ಣು ಸಡಿಲಿಸುವುದು, ಚೀಟಿ ಬಿಚ್ಚುವುದು, ಬೇರು ಮಡಚದಂತೆ ಇಳಿಬಿಡುವುದು, ಹರಳು ಒತ್ತುವುದು, ಚಮಚದಷ್ಟು ನೀರು. ಒಂದು, ಎರಡು, ಹತ್ತು. ಹದಿನಾಲ್ಕು ಆಗುವಾಗ ಎರಡು ಗಂಟೆಯಾಗಿತ್ತು, ಸುತ್ತಲೂ ಹೂಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು.

ಕೊನೆಯದನ್ನು ಕೈಗೆತ್ತಿಕೊಂಡಾಗ ಹಿಂದೆ ಕಲ್ಲು ಜಾರಿದ ಸದ್ದು ಕೇಳಿತು. ಬೂಟು. ದಪ್ಪ ಮನುಷ್ಯನ ಏದುಸಿರು.

ಅವನಿಗೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಹಿಂದಿನಿಂದ ಏನು ಕಾಣುತ್ತಿದೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಬಗ್ಗಿದ ಬೆನ್ನು, ಬಟ್ಟೆ ಸುತ್ತಿದ ತಲೆ, ಸ್ಕ್ರೂಡ್ರೈವರ್, ಪೆಟ್ಟಿಗೆ. ಮೊದಲು ಹೊಡಿ, ಹೆಸರು ಆಮೇಲೆ ಕೇಳು. ಬಾಯಿ ಸರಿಯಾಗಿತ್ತು, ದವಡೆ ಗಟ್ಟಿಯಿತ್ತು, 'ನಾನು ಕಣೋ' ಎನ್ನಬಹುದಿತ್ತು. ತಮ್ಮನಿಗೆ ಸಿಗದ ಆ ಒಂದು ಮಾತನ್ನು ಅವನೂ ಆಡಲಿಲ್ಲ. ಬೇರನ್ನು ಕುಳಿಗಿಳಿಸಿ ಹೆಬ್ಬೆರಳಿಂದ ಹರಳು ಒತ್ತಿದ.

ಏಟು ಭುಜಕ್ಕೂ ಕತ್ತಿಗೂ ನಡುವೆ ಬಿತ್ತು. ಸರಿಯಾಗಿ ಕಲಿಸಿದ್ದ. ಕಣ್ಣು ಕತ್ತಲೆ ಬಂದು, ಗಿಡದ ಮೇಲೆ ಬೀಳದಂತೆ ಪಕ್ಕಕ್ಕೆ ಹೊರಳಿದ. ಬಾಯಿಗೆ ರಕ್ತದ ರುಚಿ ಬಂತು. ಎರಡನೇ ಏಟಿಗೆ ಕಾವು ಮೇಲೆದ್ದದ್ದು ಕಂಡಿತು. ಮುಖದ ಬಟ್ಟೆ ಜಾರಿತು.

ಕಾವು ಗಾಳಿಯಲ್ಲೇ ನಿಂತಿತು.

"ಅಯ್ಯಯ್ಯೋ! ಅಣ್ಣಾ, ನೀವಾ?" ಹೊಸಬ ಕಾವನ್ನು ಬಿಸಾಡಿ ದಬಕ್ಕನೆ ಕೂತ. ಡೊಳ್ಳು ಹೊಟ್ಟೆ ಅಲುಗುವ ಹಾಗೆ ಅಳತೊಡಗಿದ. "ಗೊತ್ತಾಗಲಿಲ್ಲ ಅಣ್ಣಾ, ಕಳ್ಳ ಅಂದುಕೊಂಡೆ. ನಿಮ್ಮ ಮುಖ ನೋಡದೆ… ದೇವರೇ, ಇನ್ನೊಂದು ಬಿಟ್ಟಿದ್ದರೆ!"

ಕಾವಲುಗಾರ ಎದ್ದು ಕೂತ. ಎಡಗೈ ಮೇಲೇಳುತ್ತಿರಲಿಲ್ಲ. ಬಲಗೈಯಿಂದ ಜೇಬಿನಲ್ಲಿದ್ದ ಸಾಹೇಬರ ಹಾಳೆ ತೆಗೆದು, ಹಿಂಬದಿಯ ಖಾಲಿ ಪುಟ ಮೇಲೆ ಬರುವಂತೆ ತೊಡೆಯ ಮೇಲೆ ಹರಡಿದ.

"ಅಳಬೇಡ. ಮೊದಲು ಬೂಟು ಬಿಚ್ಚು. ಇಲ್ಲಿ ಬರಿಗಾಲಲ್ಲೇ ಓಡಾಡಬೇಕು, ನಾಳೆಯಿಂದ ನೀನೊಬ್ಬನೇ. ಬಂದೋರನ್ನ ದೂರದಿಂದಲೇ ಕೂಗಿ ಕೇಳು, ಆಮೇಲೆ ಹತ್ತಿರ ಹೋಗು. ಪೆನ್ನಿದೆಯಾ?"

ಹೊಸಬ ಜೇಬಿನಿಂದ ಪೆನ್ನು ತೆಗೆದ.

"ನಾನು ಹೇಳ್ತೀನಿ, ನೀನು ಬರ್ಕೋ. ಕೆಳಗೆ ನಾನು ಸಹಿ ಹಾಕ್ತೀನಿ. ನಿನ್ನೆ ಈ ಕಾವಲುಗಾರ ಹಿಂದಿನಿಂದ ಹೊಡೆದಾಗ ಅದು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಬರ್ದೆಯಾ?"

"ಬರ್ದೆ ಅಣ್ಣಾ."

"ಮುಖ ನೋಡಿದ. ತಮ್ಮ ಅಂತ ಗೊತ್ತಾಯ್ತು." ಅವನು ಹೊಸಬನ ಕಡೆ ನೋಡಿದ. "ನೀನು ಮುಖ ನೋಡಿ ಕೈ ನಿಲ್ಲಿಸಿದೆ. ಅವನು ಮುಖ ನೋಡಿದ ಮೇಲೆ ಹೊಡೆದ. ಅದನ್ನ ಬಿಡದೆ ಬರ್ಕೋ."